ಕ್ಲಾರ್ಕ್ ಕಂಡ ಕಕ್ಷೆ, ಹಾಸನ ಕಾಯುವ ಉಪಗ್ರಹ

ವೈಜ್ಞಾನಿಕ ಕಥೆಗಳು ಕಲ್ಪಿಸಿದ ನಾಳಿನ ಯಂತ್ರಗಳನ್ನೂ ಕಾರ್ಖಾನೆಗಳಿಂದ ನಿಜವಾಗಿ ಹೊರಬಂದ ಯಂತ್ರಗಳನ್ನೂ ಹೋಲಿಸಲು ಹೊರಟಾಗ ಸಾಮಾನ್ಯವಾಗಿ ಒಂದು ಪಟ್ಟಿ ತಯಾರಾಗುತ್ತದೆ: ಜಲಾಂತರ್ಗಾಮಿ ಬಂದಿದೆ, ಮನುಷ್ಯ ಚಂದ್ರನ ಮೇಲೆ ಇಳಿದು ಬಂದಿದ್ದಾನೆ, ಮುಖ ನೋಡುತ್ತಲೇ ಮಾತನಾಡುವ ದೂರವಾಣಿ ಎಲ್ಲರ ಕಿಸೆಯಲ್ಲಿದೆ, ಮನೆಗೊಂದು ಹಾರುವ ಕಾರು ಮಾತ್ರ ಬಾಕಿ. ಓದಲು ರಂಜಕವಾದ ಈ ಪಟ್ಟಿ ಕಥೆಗಾರನನ್ನು ಜ್ಯೋತಿಷಿಯ ಪೀಠದಲ್ಲಿ ಕೂರಿಸಿ, ಆಡಿದ ಮಾತು ಫಲಿಸಿತೇ ಇಲ್ಲವೇ ಎಂಬಷ್ಟನ್ನೇ ವಿಚಾರಿಸುತ್ತದೆ. ಎರಡನ್ನೂ ತುಸು ಹತ್ತಿರದಿಂದ ಪರಿಶೀಲಿಸಿದರೆ ಬೇರೊಂದು ಸಂಗತಿ ತೋರುತ್ತದೆ. ಯಂತ್ರ ಏನು ಮಾಡೀತು ಎಂಬುದನ್ನು ಊಹಿಸುವುದರಲ್ಲಿ ಕಥೆಗಾರರು ಬಹುಮಟ್ಟಿಗೆ ಗೆದ್ದಿದ್ದಾರೆ. ಅದನ್ನು ದಿನವೂ ನೋಡಿಕೊಳ್ಳುವವರು ಯಾರು, ಕೆಟ್ಟಾಗ ಸರಿಪಡಿಸುವವರು ಯಾರು, ಅದರ ಖರ್ಚು ಹೊರುವವರು ಯಾರು ಎಂಬಲ್ಲಿ ಎಡವಿದ್ದಾರೆ. ಈ ಮಾತನ್ನು ಪರೀಕ್ಷಿಸಲು ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಮುಂದಿಟ್ಟ ಸಂಪರ್ಕ ಉಪಗ್ರಹದ ಕಲ್ಪನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಕಲ್ಪನೆ ನಿಜವಾದ ರೀತಿಯನ್ನು ಕರ್ನಾಟಕದ ನೆಲದ ಮೇಲೆಯೇ ನಿಂತು ನೋಡಬಹುದಾಗಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ರಾಡಾರ್ ಅಧಿಕಾರಿಯಾಗಿದ್ದ ಕ್ಲಾರ್ಕ್, 1945ರ ಅಕ್ಟೋಬರ್‌ನಲ್ಲಿ 'ವೈರ್‌ಲೆಸ್ ವರ್ಲ್ಡ್' ಎಂಬ ತಾಂತ್ರಿಕ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಟೆಲಿವಿಷನ್‌ಗೆ ಬಳಸುವ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯೋ ದುಂಡಗಿದೆ. ಆದ್ದರಿಂದ ಎಷ್ಟು ಎತ್ತರದ ಗೋಪುರ ಕಟ್ಟಿದರೂ ಅದರ ಪ್ರಸಾರ ದಿಗಂತದಾಚೆಗಿನ ಊರಿಗೆ ಮುಟ್ಟುವುದಿಲ್ಲ ಎಂಬ ತೊಡಕಿಗೆ ಅವರು ಸೂಚಿಸಿದ ಪರಿಹಾರ ಗೋಪುರವನ್ನೇ ಆಕಾಶಕ್ಕೆ ಒಯ್ಯುವುದಾಗಿತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕ ವೃತ್ತದ ನೇರಕ್ಕೆ ಸುತ್ತುವ ವಸ್ತು ಒಂದು ಸುತ್ತು ಮುಗಿಸುವ ಹೊತ್ತಿಗೆ ಭೂಮಿಯೂ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಿರುತ್ತದೆ; ಹೀಗಾಗಿ ನೆಲದಿಂದ ನೋಡುವವರಿಗೆ ಅದು ಆಕಾಶದಲ್ಲಿ ನಿಂತಲ್ಲೇ ನಿಂತಂತೆ ತೋರುತ್ತದೆ. ಇದನ್ನು ಈಗ ಭೂಸ್ಥಿರ ಕಕ್ಷೆ ಎನ್ನುತ್ತಾರೆ. ಅಲ್ಲಿ 120 ಡಿಗ್ರಿ ಅಂತರದಲ್ಲಿ ಮೂರು ನಿಲ್ದಾಣಗಳನ್ನು ಇಟ್ಟರೆ ಜನವಸತಿಯ ಭೂಭಾಗವೆಲ್ಲ ಅವುಗಳ ಕಣ್ಣಳತೆಗೆ ಬರುತ್ತದೆಂದು ಕ್ಲಾರ್ಕ್ ಲೆಕ್ಕ ಕೊಟ್ಟರು.

ಈ ಲೇಖನ ಕಥೆಯಲ್ಲ, ನಿಜ. ಆದರೆ ಅದರ ಹುಟ್ಟಿನಲ್ಲಿ ಕಥೆಗಳ ಪಾಲು ಇಲ್ಲದೆ ಇರಲಿಲ್ಲ. ಭೂಸ್ಥಿರ ಕಕ್ಷೆಯಲ್ಲಿ ನಿಲ್ದಾಣವಿಡುವ ವಿಚಾರವನ್ನು ಎಂಜಿನಿಯರ್ ಹರ್ಮನ್ ಪೊಟೊಚ್ನಿಕ್ 1920ರ ದಶಕದ ಕೊನೆಯಲ್ಲೇ ತಮ್ಮ ಜರ್ಮನ್ ಪುಸ್ತಕದಲ್ಲಿ ಚರ್ಚಿಸಿದ್ದರು. ಗ್ರಹಗಳ ನಡುವೆ ಸಂದೇಶ ದಾಟಿಸುವ, ನೌಕರರು ವಾಸವಿರುವ ನಿಲ್ದಾಣವೊಂದನ್ನು ಅಮೆರಿಕದ ಜಾರ್ಜ್ ಓ. ಸ್ಮಿತ್ 1942ರಿಂದ ತಮ್ಮ ಕಥಾಮಾಲೆಯಲ್ಲಿ ಚಿತ್ರಿಸಿದ್ದರು. ಆ ಕಥೆಗಳು ತಮ್ಮ ಮೇಲೆ ಪ್ರಭಾವ ಬೀರಿರಬಹುದೆಂದು ಕ್ಲಾರ್ಕ್ ಮುಂದೆ ಒಪ್ಪಿಕೊಂಡಿದ್ದಾರೆ. ಕಥೆ ಮತ್ತು ತಂತ್ರಜ್ಞಾನಗಳ ನಡುವಿನ ಬೇಲಿ ಆ ತಲೆಮಾರಿನವರಿಗೆ ಅಷ್ಟೇನೂ ಎತ್ತರವಾಗಿರಲಿಲ್ಲ; ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಉಪಗ್ರಹ ಸಂಪರ್ಕದ ಕೆಲಸಕ್ಕೆ ದಾರಿ ಹಾಕಿದ ಜಾನ್ ಪಿಯರ್ಸ್ ಕೂಡ ಜೆ. ಜೆ. ಕಪ್ಲಿಂಗ್ ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ವೈಜ್ಞಾನಿಕ ಕಥೆ ಬರೆಯುತ್ತಿದ್ದವರು.

ಕ್ಲಾರ್ಕ್ ಅವರ ಲೆಕ್ಕದ ಸೂಕ್ಷ್ಮತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹಗಲು ರಾತ್ರಿಗಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ನಿಲ್ದಾಣವು ಪ್ರತಿದಿನ ಸ್ವಲ್ಪ ಹೊತ್ತು ಭೂಮಿಯ ನೆರಳಿಗೆ ಸಿಕ್ಕಿ ಬಿಸಿಲು ಕಳೆದುಕೊಳ್ಳುತ್ತದೆ, ಆ ಕತ್ತಲೆ ಒಂದು ತಾಸಿಗಿಂತ ತುಸು ಹೆಚ್ಚಿರಬಹುದು, ಅಷ್ಟರ ಮಟ್ಟಿಗೆ ವಿದ್ಯುತ್ತನ್ನು ಕೂಡಿಡಬೇಕು ಎಂಬುದನ್ನೂ ಅವರು ಗಮನಿಸಿದ್ದರು. ಉಪಗ್ರಹವೇ ಇಲ್ಲದ ಕಾಲದಲ್ಲಿ ಉಪಗ್ರಹದ ಬ್ಯಾಟರಿಯ ಚಿಂತೆ ಮಾಡಿದ ಇದೇ ಮನುಷ್ಯ, ನಿಲ್ದಾಣದಲ್ಲಿ ಸಿಬ್ಬಂದಿ ಇರಬೇಕಾಗುತ್ತದೆಂದು ಯಾವ ಅನುಮಾನವೂ ಇಲ್ಲದೆ ಭಾವಿಸಿದರು. ಅದಕ್ಕೆ ಕಾರಣ ವಾಲ್ವ್. ಗಾಜಿನ ಬುರುಡೆಯೊಳಗೆ ಕಾದ ತಂತಿಯಿಂದ ಎಲೆಕ್ಟ್ರಾನುಗಳನ್ನು ಹೊರಡಿಸಿ ರೇಡಿಯೊ ಸಂಕೇತವನ್ನು ಬಲಪಡಿಸುವ ಈ ಸಾಧನ ಬಲ್ಬಿನಂತೆಯೇ ಆಗಾಗ ಸುಟ್ಟುಹೋಗುವಂಥದು. ಸುಟ್ಟಾಗ ಕಿತ್ತು ಹೊಸದನ್ನು ಹಾಕಲು ಒಬ್ಬರು ಇರಲೇಬೇಕಿತ್ತು. ಮನುಷ್ಯರು ಇರಬೇಕೆಂದ ಮೇಲೆ ಅವರಿಗೆ ಗಾಳಿ, ನೀರು, ಅನ್ನ, ವಾಸಕ್ಕೆ ಕೋಣೆ, ಹೋಗಿಬರಲು ರಾಕೆಟ್ ಎಲ್ಲವೂ ಬೇಕು. ಆಕಾಶದ ಗೋಪುರ ಹೀಗೆ ಆಕಾಶದ ಊರಾಗಿ ಬೆಳೆಯಿತು; ಅಂಥದು ತಮ್ಮ ಜೀವಮಾನದಲ್ಲಿ ಆದೀತೆಂಬ ಭರವಸೆ ಕ್ಲಾರ್ಕ್ ಅವರಿಗೇ ಇರಲಿಲ್ಲ.

ಆದದ್ದು ಬೇರೆ. ಎರಡು ವರ್ಷ ಕಳೆದು, 1947ರ ಡಿಸೆಂಬರ್‌ನಲ್ಲಿ, ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವ್ ಮಾಡುವ ಕೆಲಸವನ್ನು ಚಿಕ್ಕದೊಂದು ಅರೆವಾಹಕದ ಚೂರು, ಅಂದರೆ ವಿದ್ಯುತ್ತನ್ನು ಬೇಕಾದಷ್ಟೇ ಹರಿಯಬಿಡುವ ಹರಳು, ಕಾಯದೆ ಸುಡದೆ ಮಾಡತೊಡಗಿತು. ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಸಿಲಿಕಾನ್ ಸೌರಕೋಶ 1954ರಲ್ಲಿ ಅದೇ ಪ್ರಯೋಗಾಲಯದಿಂದ ಬಂತು. 1965ರ ಏಪ್ರಿಲ್‌ನಲ್ಲಿ ಭೂಸ್ಥಿರ ಕಕ್ಷೆ ಸೇರಿದ ಮೊದಲ ವಾಣಿಜ್ಯ ಉಪಗ್ರಹ 'ಅರ್ಲಿ ಬರ್ಡ್' ಸುಮಾರು 40 ಕಿಲೋ ತೂಕದ್ದಾಗಿದ್ದು, 240 ದೂರವಾಣಿ ಕರೆಗಳನ್ನು ಇಲ್ಲವೇ ಒಂದು ಟೆಲಿವಿಷನ್ ವಾಹಿನಿಯನ್ನು ಅಟ್ಲಾಂಟಿಕ್ ಸಾಗರದಾಚೆಗೆ ದಾಟಿಸಬಲ್ಲುದಾಗಿತ್ತು. ಕ್ಲಾರ್ಕ್ ಊಹಿಸಿದ ಜಾಗದಲ್ಲಿ, ಊಹಿಸಿದ ಕೆಲಸವನ್ನೇ, ಒಬ್ಬ ಮನುಷ್ಯನ ತೂಕಕ್ಕಿಂತ ಹಗುರವಾದ ಪೆಟ್ಟಿಗೆ ಯಾರ ಸಹವಾಸವೂ ಇಲ್ಲದೆ ಮಾಡತೊಡಗಿತ್ತು. ಪೇಟೆಂಟ್ ಮಾಡಿಸದೆ ನೂರು ಕೋಟಿ ಡಾಲರ್ ಕಳೆದುಕೊಂಡೆನೆಂದು ಕ್ಲಾರ್ಕ್ ಆಮೇಲೆ ತಮಾಷೆಯಾಗಿ ಬರೆದುಕೊಂಡರೂ, ಮಾಡಿಸಿದ್ದರೆ ಅದರ ಅವಧಿ ಅರ್ಲಿ ಬರ್ಡ್ ಹಾರುವ ಮೊದಲೇ ಮುಗಿದಿರುತ್ತಿತ್ತು.

ಇಷ್ಟರಿಂದ ಕಥೆಗಾರರು ಯಂತ್ರವನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕಾಣುತ್ತಾರೆಂಬ ತೀರ್ಮಾನಕ್ಕೆ ಬರಲಾಗದು. ಫ್ರಾನ್ಸಿನ ಜೂಲ್ಸ್ ವರ್ನ್ ಮಾಡಿದ ತಪ್ಪು ಇದಕ್ಕೆ ತದ್ವಿರುದ್ಧ. 1865ರ ಅವರ ಚಂದ್ರಯಾನದ ಕಾದಂಬರಿಯಲ್ಲಿ ಬಾಲ್ಟಿಮೋರ್ ನಗರದ ಫಿರಂಗಿಪ್ರಿಯರ ಸಂಘವೊಂದು ಫ್ಲೋರಿಡಾದ ನೆಲದಲ್ಲಿ 900 ಅಡಿ ಉದ್ದದ ಫಿರಂಗಿಯನ್ನು ಎರಕ ಹೊಯ್ದು, ಮೂವರನ್ನು ಹೊತ್ತ ಅಲ್ಯೂಮಿನಿಯಂ ಗುಂಡನ್ನು ಚಂದ್ರನತ್ತ ಹಾರಿಸುತ್ತದೆ. ಮುಂದಿನ ಭಾಗದಲ್ಲಿ ಆ ಗುಂಡು ಚಂದ್ರನನ್ನು ಬಳಸಿ ಬಂದು ಪೆಸಿಫಿಕ್ ಸಾಗರಕ್ಕೆ ಬೀಳುತ್ತದೆ. ನಿಜವಾಗಿ ಚಂದ್ರನತ್ತ ಹೋದ ಅಮೆರಿಕದ ಅಪೊಲೊ ನೌಕೆಗಳು ಹೊರಟದ್ದು ಫ್ಲೋರಿಡಾದಿಂದ, ಕೂತವರು ಮೂವರು, ಇಳಿದದ್ದು ಬಹುಪಾಲು ಪೆಸಿಫಿಕ್‌ಗೆ. ಹೋಲಿಕೆಯ ಪಟ್ಟಿ ಮಾಡುವವರಿಗೆ ಇದಕ್ಕಿಂತ ಹಬ್ಬ ಬೇರೆ ಬೇಕೆ? ಆದರೆ ಸೆಕೆಂಡಿಗೆ ಸುಮಾರು 11 ಕಿಲೋಮೀಟರಿನ ವೇಗವನ್ನು 900 ಅಡಿಯೊಳಗೆ ಗಳಿಸಬೇಕಾದರೆ ಒಳಗಿದ್ದವರ ಮೇಲೆ ಬೀಳುವ ಒತ್ತಡ ಗುರುತ್ವದ 22 ಸಾವಿರ ಪಟ್ಟಿನಷ್ಟಾಗುತ್ತದೆ. 70 ಕಿಲೋ ತೂಕದ ಪ್ರಯಾಣಿಕ ಆ ಕ್ಷಣದಲ್ಲಿ 1,500 ಟನ್ನಿನಷ್ಟು ಭಾರವಾಗಿ ತನ್ನ ಭಾರಕ್ಕೆ ತಾನೇ ಅಪ್ಪಚ್ಚಿಯಾಗಬೇಕು. ಆಘಾತ ತಡೆಯಲು ವರ್ನ್ ಗುಂಡಿನ ತಳದಲ್ಲಿ ನೀರು ತುಂಬಿಸಿಟ್ಟದ್ದು ಈ ಲೆಕ್ಕದ ಮುಂದೆ ಯಾವ ಮೂಲೆಗೂ ಸಾಲದು.

ಸ್ವಾರಸ್ಯವೆಂದರೆ ಈ ತಪ್ಪೇ ಹೆಚ್ಚು ಫಲ ಕೊಟ್ಟಿತು. ರಷ್ಯಾದ ಶಾಲಾಶಿಕ್ಷಕ ಕಾನ್‌ಸ್ಟಾಂಟಿನ್ ಸಿಯೊಲ್ಕೊವ್‌ಸ್ಕಿ ಮತ್ತು ಟ್ರಾನ್ಸಿಲ್ವೇನಿಯಾದಲ್ಲಿ ಬೆಳೆದ ಹರ್ಮನ್ ಓಬರ್ತ್ ಇಬ್ಬರೂ ವರ್ನ್ ಅವರನ್ನು ಓದಿ ಮರುಳಾದವರು, ಇಬ್ಬರೂ ಫಿರಂಗಿಯ ಲೆಕ್ಕ ಕೂಡದೆಂದು ಕಂಡುಕೊಂಡವರು. ವೇಗವನ್ನು ಒಂದೇ ಏಟಿಗೆ ಕೊಡುವ ಬದಲು ನಿಮಿಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕೊಡುತ್ತ ಹೋಗಬೇಕು, ಅದಕ್ಕೆ ತನ್ನ ಇಂಧನವನ್ನು ತಾನೇ ಹೊತ್ತೊಯ್ಯುವ ರಾಕೆಟ್ ಬೇಕು ಎಂಬ ನಿರ್ಣಯಕ್ಕೆ ಬಂದ ಸಿಯೊಲ್ಕೊವ್‌ಸ್ಕಿ 1903ರಲ್ಲಿ ಅದರ ಸಮೀಕರಣವನ್ನು ಪ್ರಕಟಿಸಿದರು. ಆ ಸಮೀಕರಣ ವಿಧಿಸುವ ದಂಡವೂ ಕಠೋರವೇ: ಇಂಧನವನ್ನು ಎತ್ತಲು ಇನ್ನಷ್ಟು ಇಂಧನ ಬೇಕು, ಅದನ್ನು ಎತ್ತಲು ಮತ್ತಷ್ಟು. ಚಂದ್ರಯಾನಿಗಳನ್ನು ಒಯ್ದ ಸ್ಯಾಟರ್ನ್-5 ರಾಕೆಟ್ 110 ಮೀಟರ್ ಎತ್ತರವಿದ್ದು, ಹೊರಡುವಾಗಿನ ಅದರ ಸುಮಾರು 2,900 ಟನ್ ತೂಕದಲ್ಲಿ ಬಹುಭಾಗ ಇಂಧನವೇ ಆಗಿತ್ತು. ವರ್ನ್ ಕಥೆಯ ಸಂಘ ದೇಶದೇಶಗಳ ಚಂದಾ ಎತ್ತಿ ಸುಮಾರು 54 ಲಕ್ಷ ಡಾಲರ್ ಕೂಡಿಸಿಕೊಂಡು ಕೆಲಸ ಮುಗಿಸಿದರೆ, ಅಪೊಲೊ ಯೋಜನೆ ಸುಮಾರು 2,500 ಕೋಟಿ ಡಾಲರನ್ನೂ ಕಾರ್ಖಾನೆ, ವಿಶ್ವವಿದ್ಯಾಲಯಗಳಲ್ಲಿ ದುಡಿದ ಸುಮಾರು 4 ಲಕ್ಷ ಜನರನ್ನೂ ಬೇಡಿತು.

ಬ್ರಿಟನ್ನಿನ ಎಚ್. ಜಿ. ವೆಲ್ಸ್ 1914ರಲ್ಲಿ ಪ್ರಕಟಿಸಿದ 'ದಿ ವರ್ಲ್ಡ್ ಸೆಟ್ ಫ್ರೀ' ಕಾದಂಬರಿಯ ಪರಮಾಣು ಬಾಂಬಿನಲ್ಲೂ ಇಂಥದೇ ವ್ಯತ್ಯಾಸವಿದೆ. ಅಲ್ಲಿ ವಿಮಾನದಲ್ಲಿ ಕೂತವನು ಬಾಂಬಿನ ಗುಬುಟನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಎರಡೂ ಕೈಯಿಂದ ಎತ್ತಿ ಕೆಳಗೆ ಎಸೆಯುತ್ತಾನೆ. ಬಿದ್ದ ಬಾಂಬು ಒಮ್ಮೆಗೇ ಸಿಡಿದು ಮುಗಿಯದೆ ದಿನಗಟ್ಟಲೆ ಉರಿಯುತ್ತಲೇ ಇರುತ್ತದೆ. ಈ ಕಾದಂಬರಿಯನ್ನು 1932ರಲ್ಲಿ ಓದಿದ್ದ ಭೌತವಿಜ್ಞಾನಿ ಲಿಯೊ ಸಿಲಾರ್ಡ್‌ಗೆ ಮರುವರ್ಷ ಲಂಡನ್ನಿನಲ್ಲಿ ಸರಪಳಿ ಕ್ರಿಯೆಯ ಉಪಾಯ, ಅಂದರೆ ಒಂದು ನ್ಯೂಟ್ರಾನ್ ಒಡೆದ ಪರಮಾಣುವಿನಿಂದ ಹೊರಬಿದ್ದ ನ್ಯೂಟ್ರಾನುಗಳು ಇನ್ನೆರಡನ್ನು ಒಡೆಯುತ್ತ ಸಾಗುವ ಉಪಾಯ, ಹೊಳೆಯಿತು. ಅವರು ಅದರ ಪೇಟೆಂಟನ್ನು ಗುಟ್ಟಾಗಿಡುವ ಸಲುವಾಗಿ ಬ್ರಿಟಿಷ್ ನೌಕಾಡಳಿತಕ್ಕೆ ಒಪ್ಪಿಸಿದರು. ವೆಲ್ಸ್ ಅವರ ಬಾಂಬು ಒಬ್ಬನ ಕೈಗೆ ನಿಲುಕುವ ವಸ್ತು. ನಿಜವಾದ ಬಾಂಬು ತಯಾರಾಗಲು ಅಮೆರಿಕದ ಮೂರು ಕಡೆ ಊರುಗಳನ್ನೇ ಹೊಸದಾಗಿ ಕಟ್ಟಿ, ಒಂದು ಹಂತದಲ್ಲಿ ಲಕ್ಷಕ್ಕೂ ಮೀರಿ ಜನ ಹಚ್ಚಬೇಕಾಯಿತು; ಅವರಲ್ಲಿ ಹೆಚ್ಚಿನವರಿಗೆ ತಾವು ಮಾಡುತ್ತಿರುವುದೇನೆಂದೇ ತಿಳಿದಿರಲಿಲ್ಲ.

ನಿರ್ವಹಣೆಯ ಪ್ರಶ್ನೆಯನ್ನು ಹಿಡಿದ ಕಥೆಗಾರರು ಇಲ್ಲವೇ ಇಲ್ಲವೆನ್ನುವಂತಿಲ್ಲ. ಅಂಥವರಲ್ಲಿ ಮುಖ್ಯರಾದ ಇ. ಎಂ. ಫಾರ್ಸ್ಟರ್ ತಂತ್ರಜ್ಞಾನದ ಗಂಧವೇ ಇಲ್ಲದ ಕಾದಂಬರಿಕಾರರಾಗಿದ್ದುದು ಗಮನಾರ್ಹ. ಅವರ 1909ರ 'ದಿ ಮೆಷೀನ್ ಸ್ಟಾಪ್ಸ್' ಕಥೆಯಲ್ಲಿ ಜನರು ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತು, ಹೊಳೆಯುವ ದುಂಡು ಫಲಕದಲ್ಲಿ ಒಬ್ಬರನ್ನೊಬ್ಬರು ನೋಡಿ ಮಾತನಾಡುತ್ತಾರೆ. ಆ ಲೋಕವನ್ನು ನಡೆಸುವ ಯಂತ್ರಕ್ಕೆ ದುರಸ್ತಿಯ ಒಂದು ಅಂಗವಿದೆ. ಕೊನೆಗೆ ಆ ದುರಸ್ತಿಯ ಅಂಗವೇ ಕೆಟ್ಟಿದೆಯೆಂಬ ಸುದ್ದಿ ಬರುತ್ತದೆ, ಅದನ್ನು ಸರಿಪಡಿಸಬಲ್ಲವರು ಯಾರೂ ಉಳಿದಿರುವುದಿಲ್ಲ. ಕಥೆಯ ವಿಡಿಯೊ ಕರೆಯನ್ನು ಇಂದು ಮೆಚ್ಚುವವರು ಬಹಳ; ಅದರ ನಿಜವಾದ ಒಳನೋಟ ಇರುವುದು ಈ ದುರಸ್ತಿಯ ಪ್ರಸಂಗದಲ್ಲಿ.

ಬಂಗಾಳದ ರೊಕೆಯಾ ಸಖಾವತ್ ಹುಸೇನ್ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ 'ಸುಲ್ತಾನಾಸ್ ಡ್ರೀಮ್' ಕಥೆಯ ಹೆಂಗಸರ ನಾಡು ಸೂರ್ಯನ ಶಾಖದಿಂದಲೇ ಅಡುಗೆ ಮಾಡುತ್ತದೆ, ಶತ್ರುಸೈನ್ಯವನ್ನೂ ಓಡಿಸುತ್ತದೆ. ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. ಅದು ಹರಡಿಕೊಂಡಿರುವ ಸುಮಾರು 13,000 ಎಕರೆ ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಸೌರಶಕ್ತಿಗೆ ಬಿಸಿಲಿನಷ್ಟೇ ನೆಲವೂ ಬೇಕು, ನೆಲಕ್ಕೆ ಒಡೆಯರಿರುತ್ತಾರೆ, ಅವರಿಗೆ ವರ್ಷವರ್ಷ ಗುತ್ತಿಗೆ ಹಣ ಸಲ್ಲಬೇಕು ಎಂಬ ವ್ಯವಹಾರಕ್ಕೆ ಕನಸಿನ ಕಥೆಯಲ್ಲಿ ಜಾಗವಿರದಿದ್ದುದು ಸಹಜ.

ಕ್ಲಾರ್ಕ್ ಅವರ ಕಲ್ಪನೆ ಕನ್ನಡ ನೆಲಕ್ಕೆ ಮೊದಲು ಇಳಿದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಇಸ್ರೊ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಕಾರ್ಯಕ್ರಮ ಮುಟ್ಟಿಸುವ 'ಸೈಟ್' ಎಂಬ ಶೈಕ್ಷಣಿಕ ಪ್ರಯೋಗವನ್ನು ಅಂದು ಆರಂಭಿಸಿತು. ಕರ್ನಾಟಕದಿಂದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು; ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ಮನರಂಜನೆಯ ಕಾರ್ಯಕ್ರಮಗಳು ಕನ್ನಡದಲ್ಲೇ ಬಂದವು. ಸಂಕೇತ ಹಿಡಿಯುವ ಆಂಟೆನಾವನ್ನು ಕೋಳಿಗೂಡಿಗೆ ಬಳಸುವಂಥ ತಂತಿಬಲೆಯನ್ನು ಸುಮಾರು 3 ಮೀಟರ್ ಅಗಲದ ಚೌಕಟ್ಟಿಗೆ ಬಿಗಿದು ಮಾಡಲಾಗಿತ್ತು. ಅಗ್ಗವಾಗಬೇಕು, ಹಗುರವಾಗಬೇಕು, ಬಿರುಗಾಳಿ ಬಂದರೆ ಗಾಳಿ ಅದರೊಳಗಿಂದ ದಾಟಿಹೋಗಬೇಕು ಎಂಬ ಮೂರೂ ಷರತ್ತುಗಳಿಗೆ ಒದಗಿದ ಈ ಉಪಾಯ ಯಾವ ವೈಜ್ಞಾನಿಕ ಕಥೆಯಲ್ಲೂ ಬರುವಂಥದಲ್ಲ. ಕಥೆಗಳ ಭವಿಷ್ಯ ಯಾವಾಗಲೂ ಥಳಥಳಿಸುತ್ತದೆ. ಆ ವೇಳೆಗೆ ಶ್ರೀಲಂಕಾದಲ್ಲಿ ನೆಲೆಸಿದ್ದ ಕ್ಲಾರ್ಕ್ ಅವರ ಕೊಲಂಬೊ ಮನೆಗೂ ಭಾರತ ಇಂಥದೊಂದು ಗ್ರಾಹಕ ವ್ಯವಸ್ಥೆಯನ್ನು ಒದಗಿಸಿತ್ತಾದ್ದರಿಂದ, ತಾವು ಮೂವತ್ತು ವರ್ಷಗಳ ಹಿಂದೆ ಕಾಗದದ ಮೇಲೆ ಗೆರೆ ಎಳೆದಿದ್ದ ಕಕ್ಷೆಯಿಂದ ಇಳಿದುಬರುವ ಚಿತ್ರಗಳನ್ನು ಅವರು ಮನೆಯಲ್ಲೇ ಕೂತು ನೋಡುವಂತಾಯಿತು. ವರ್ಷ ಮುಗಿದ ಮೇಲೆ ಅಮೆರಿಕ ತನ್ನ ಉಪಗ್ರಹವನ್ನು ಮರಳಿ ಪಡೆಯಿತು.

ಭಾರತದ ಸ್ವಂತ ಇನ್ಸಾಟ್ ಉಪಗ್ರಹಗಳಿಗಾಗಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಮುಖ್ಯ ನಿಯಂತ್ರಣ ಕೇಂದ್ರ, ಜನರ ಬಾಯಲ್ಲಿ ಎಂಸಿಎಫ್, ಸ್ಥಾಪನೆಯಾಯಿತು. ಅದಕ್ಕೆ ಸಿಕ್ಕ ಮೊದಲ ಪಾಠವೇ ಕಹಿಯಾಗಿತ್ತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹದ ಸೌರಫಲಕ ಒಂದೇ ಬದಿಗೆ ಇದ್ದುದರಿಂದ, ಅದರ ಮೇಲೆ ಬೀಳುವ ಬಿಸಿಲಿನ ಅತ್ಯಲ್ಪ ಒತ್ತಡವೂ ಉಪಗ್ರಹವನ್ನು ಮೆಲ್ಲಗೆ ತಿರುಗಿಸುವಂತಿತ್ತು. ಸರಿದೂಗಿಸಲು ಇನ್ನೊಂದು ಬದಿಗೆ ಹಾಯಿಯಂಥ ಒಂದು ಪಟವನ್ನು ಇಡಲಾಗಿತ್ತು. ಆ ಸೌರಹಾಯಿ ಬಿಚ್ಚಿಕೊಳ್ಳಲಿಲ್ಲ. ದಿಕ್ಕು ಕಾಯ್ದುಕೊಳ್ಳುವ ಇಂಧನ ತೀರಿ, ವರ್ಷಗಟ್ಟಲೆ ಬಾಳಬೇಕಾಗಿದ್ದ ಉಪಗ್ರಹವನ್ನು ಅದೇ ಸೆಪ್ಟೆಂಬರ್‌ನಲ್ಲಿ ಕೈಬಿಡಬೇಕಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಿಂದ ಹೊರಟ ಇನ್ಸಾಟ್-1ಬಿ ಸೌರಫಲಕ ಬಿಚ್ಚುವಲ್ಲಿ ಕೆಲದಿನ ಸತಾಯಿಸಿ, ಕಡೆಗೆ ಸರಿಹೋಗಿ, ದೂರದರ್ಶನವನ್ನು ದೇಶದ ಮೂಲೆಮೂಲೆಗೆ ಒಯ್ದಿತು.

ಸುಸ್ಥಿತಿಯಲ್ಲಿರುವ ಉಪಗ್ರಹವನ್ನೂ ಅದರ ಪಾಡಿಗೆ ಬಿಡುವಂತಿಲ್ಲ. ಭೂಸ್ಥಿರ ಕಕ್ಷೆ ಕಾಗದದ ಮೇಲೆ ಮಾತ್ರ ಸ್ಥಿರ. ಸೂರ್ಯಚಂದ್ರರ ಸೆಳೆತ ಕಕ್ಷೆಯನ್ನು ವರ್ಷಕ್ಕೆ ಒಂದು ಡಿಗ್ರಿಗೆ ತುಸು ಕಡಿಮೆಯಷ್ಟು ವಾಲಿಸುತ್ತದೆ. ಭೂಮಿಯ ಸಮಭಾಜಕ ಸರಿಯಾದ ವೃತ್ತವಲ್ಲದೆ ತುಸು ಚಪ್ಪಟೆಯಾಗಿರುವುದರಿಂದ, ಹಿಡಿತ ತಪ್ಪಿದ ಉಪಗ್ರಹಗಳು ಕಕ್ಷೆಯ ಎರಡು ತಗ್ಗುಗಳಲ್ಲಿ ಒಂದರತ್ತ ಜಾರತೊಡಗುತ್ತವೆ. ಅವುಗಳಲ್ಲಿ ಒಂದು 75 ಡಿಗ್ರಿ ಪೂರ್ವ ರೇಖಾಂಶದ ಬಳಿ, ಅಂದರೆ 76 ಡಿಗ್ರಿಯಲ್ಲಿರುವ ಹಾಸನದ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಬೀಳುವುದು ಶುದ್ಧ ಕಾಕತಾಳೀಯ. ಉಪಗ್ರಹ ತನಗೆ ನಿಗದಿಯಾದ ಜಾಗದಿಂದ ಸಾಮಾನ್ಯವಾಗಿ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತ, ಅಂದರೆ ಆ ಎತ್ತರದಲ್ಲಿ ಸುಮಾರು 74 ಕಿಲೋಮೀಟರಿಗಿಂತ, ಆಚೀಚೆ ಸರಿಯಬಾರದು. ಸರಿದರೆ ಮನೆಯ ಮೇಲಿನ ಡಿಶ್‌ಗಳಿಗೆ ಅದು ಕೈತಪ್ಪುತ್ತದೆ, ನೆರೆಯ ಉಪಗ್ರಹದ ಪ್ರಸಾರಕ್ಕೂ ಅಡ್ಡಿ. ಆದ್ದರಿಂದ ಹಾಸನದಲ್ಲೂ, 2005ರಿಂದ ಭೋಪಾಲದಲ್ಲೂ, ಹಗಲುರಾತ್ರಿ ಪಾಳಿಯ ಮೇಲೆ ಕೂತ ಎಂಜಿನಿಯರುಗಳು ಪ್ರತಿಯೊಂದು ಉಪಗ್ರಹದ ಉಷ್ಣತೆ, ಬ್ಯಾಟರಿ, ದಿಕ್ಕುಗಳನ್ನು ಗಮನಿಸುತ್ತ, ಗೊತ್ತಾದ ವೇಳೆಗೆ ಅದರ ಪುಟ್ಟ ಎಂಜಿನ್ನುಗಳನ್ನು ಉರಿಸಿ ಸ್ವಸ್ಥಾನಕ್ಕೆ ತರುತ್ತಾರೆ. ಯುಗಾದಿಯ ಸುಮಾರಿಗೆ ಒಮ್ಮೆ, ನವರಾತ್ರಿಯ ಸುಮಾರಿಗೆ ಒಮ್ಮೆ, ಕ್ಲಾರ್ಕ್ ಲೆಕ್ಕ ಹಾಕಿದ್ದ ಆ ನೆರಳಿನ ಋತು ಬಂದಾಗ ಬ್ಯಾಟರಿಗಳ ಮೇಲೆ ವಿಶೇಷ ನಿಗಾ ಇರುತ್ತದೆ. ಕ್ಲಾರ್ಕ್ ತಮ್ಮ ನಿಲ್ದಾಣಕ್ಕೆ ನೇಮಿಸಿದ್ದ ಸಿಬ್ಬಂದಿ ಇಲ್ಲವಾಗಲಿಲ್ಲ, 36,000 ಕಿಲೋಮೀಟರ್ ಕೆಳಗಿಳಿದು ನೆಲದ ಮೇಲೆ ನೌಕರಿ ಹಿಡಿದಿದ್ದಾರೆ ಎನ್ನಬಹುದು.

ಅವರ ಕೆಲಸದಲ್ಲಿ ಅತ್ಯಂತ ನಾಜೂಕಾದದ್ದು ಉಪಗ್ರಹವನ್ನು ನಿವೃತ್ತಿಗೊಳಿಸುವ ದಿನವನ್ನು ನಿಶ್ಚಯಿಸುವುದು. ಹನ್ನೆರಡು ಹದಿನೈದು ವರ್ಷಗಳಲ್ಲಿ ಇಂಧನ ತೀರುತ್ತ ಬಂದಾಗ, ಕೊನೆಯ ಕೆಲವು ಕಿಲೋ ಉಳಿದಿರುವಂತೆಯೇ ಎಂಜಿನ್ ಉರಿಸಿ ಉಪಗ್ರಹವನ್ನು ಕೆಲವು ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ, ಕಕ್ಷೆಯಲ್ಲಿ ಇತರರಿಗೆ ಜಾಗ ಬಿಡಿಸಬೇಕು. ಸಿನಿಮಾದ ಆಕಾಶನೌಕೆಗಳಲ್ಲಿ ಇಂಧನದ ಮುಳ್ಳು ಸೊನ್ನೆಯತ್ತ ಇಳಿಯುವುದು ಕಾಣುತ್ತದೆ. ನಿಜವಾದ ಉಪಗ್ರಹದ ತೊಟ್ಟಿಯಲ್ಲಿ ಭಾರವೆಂಬುದೇ ಅನುಭವಕ್ಕೆ ಬಾರದ ಕಾರಣ ದ್ರವ ತಳಕ್ಕೆ ನಿಲ್ಲುವುದಿಲ್ಲ, ಆದ್ದರಿಂದ ಮಟ್ಟ ತೋರಿಸುವ ಅಳತೆಗೋಲು ಅಲ್ಲಿ ನಡೆಯುವುದಿಲ್ಲ. ಹಾರಿದ ದಿನದಿಂದ ಎಂಜಿನ್ನುಗಳು ಎಷ್ಟೆಷ್ಟು ಸೆಕೆಂಡು ಉರಿದವೆಂದು ಬರೆದಿಟ್ಟ ಖರ್ಚಿನ ಲೆಕ್ಕವನ್ನೂ ತೊಟ್ಟಿಯ ಒತ್ತಡ, ಉಷ್ಣತೆಗಳನ್ನೂ ತಾಳೆ ನೋಡಿ ಉಳಿಕೆಯನ್ನು ಅಂದಾಜು ಮಾಡುತ್ತಾರೆ. ಅಂದಾಜಿನಲ್ಲಿ ಎರಡು ಮೂರು ಕಿಲೋ ಹೆಚ್ಚುಕಡಿಮೆಯಾದರೆ ಚೆನ್ನಾಗಿಯೇ ಇರುವ ಉಪಗ್ರಹವನ್ನು ತಿಂಗಳುಗಟ್ಟಲೆ ಮೊದಲೇ ಕಳೆದುಕೊಳ್ಳಬೇಕಾದೀತು, ಇಲ್ಲವೇ ತಳ್ಳಲು ಹನಿ ಇಂಧನವಿಲ್ಲದೆ ಅದು ನಡುಕಕ್ಷೆಯಲ್ಲೇ ಅಡ್ಡವಾಗಿ ಉಳಿದು, 75 ಡಿಗ್ರಿಯ ಆ ತಗ್ಗಿನ ಸುತ್ತ ಶತಮಾನಗಳ ಕಾಲ ತೂಗಾಡೀತು.